ನೆರವಿನ ಮನೆಯೂ ಗೃಹಸ್ಥನ ಹೊಣೆಯೂ

ಮನೆ ಬಿದ್ದ ದಿನ ಗೃಹಸ್ಥನಿಗೆ ಬೇಕಾದುದು ರೊಟ್ಟಿ, ಹೊದಿಕೆ ಹಾಗೂ ಮಕ್ಕಳನ್ನು ಮಲಗಿಸಲು ಒಂದಿಷ್ಟು ಒಣನೆಲ. ಅಂದು ಅವನಿಗೆ ಧರ್ಮವನ್ನು ಬೋಧಿಸಹೋಗುವವನು ಧರ್ಮವನ್ನರಿತವನಲ್ಲ. ಆದರೆ ನೀರು ಇಳಿದು, ಕೆಸರು ಒಣಗಿ, ಹಾನಿಯನ್ನು ಬರೆದುಕೊಳ್ಳುವವರು ಊರೊಳಗೆ ಬಂದಾಗ ಬೇರೊಂದು ಕಾಲವು ಆರಂಭವಾಗುತ್ತದೆ. ಆಗ ಗೃಹಸ್ಥನು ಬರಿಯ ನೊಂದವನಾಗಿ ಉಳಿಯುವುದಿಲ್ಲ. ಸಮಾಜದ ಹಣವು ಅವನ ಕೈಗೆ ಬರುವುದರಲ್ಲಿರುತ್ತದೆ. ಅದರೊಡನೆ ಒಂದು ಹೊಣೆಯೂ ಬರುತ್ತದೆ. ಈ ಹೊಣೆಯ ಸ್ವರೂಪವೇನೆಂಬುದನ್ನು ಶರಣಬಂಧುಗಳೊಡನೆ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದು ಬೆಳಗಾವಿ, ಬಾಗಲಕೋಟೆ, ಗದಗ ಮುಂತಾದ ಜಿಲ್ಲೆಗಳಲ್ಲಿ ಸಹಸ್ರಾರು ಮನೆಗಳನ್ನು ಕೆಡವಿದುದು ನಮ್ಮ ಓದುಗರಲ್ಲಿ ಅನೇಕರಿಗೆ ಸ್ವಾನುಭವದ ಮಾತೇ ಆಗಿದೆ. ಆ ದಿನಗಳಲ್ಲಿ ಗೃಹಸ್ಥರೊಬ್ಬರು ಬಂದು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮನೆಯ ಅಡಿಗೆಕೋಣೆಯ ಒಂದು ಮೂಲೆ ಮಾತ್ರ ಕುಸಿದಿತ್ತು; ಪಡಸಾಲೆ, ದೇವರ ಮನೆ, ದನದ ಕೊಟ್ಟಿಗೆಗಳೆಲ್ಲ ನಿಂತಿದ್ದವು. ಸಂಪೂರ್ಣ ಬಿದ್ದ ಮನೆಗೆ ಸರಕಾರವು 5 ಲಕ್ಷ ರೂಪಾಯಿಗಳನ್ನೂ ಅಲ್ಪ ಹಾನಿಯ ಮನೆಗೆ 50 ಸಾವಿರ ರೂಪಾಯಿಗಳನ್ನೂ ಗೊತ್ತುಪಡಿಸಿದ್ದಿತು. ಊರಿನ ಹಿತೈಷಿಯೊಬ್ಬನು, “ಎಂಜಿನಿಯರರು ನಾಡಿದ್ದು ಬರುತ್ತಾರೆ, ನಾಳೆ ರಾತ್ರಿಯೇ ಉಳಿದ ಗೋಡೆಗಳನ್ನೂ ದಬ್ಬಿಬಿಡಿ” ಎಂದು ಬುದ್ಧಿ ಹೇಳಿದ್ದನಂತೆ. ಬಂದ ಗೃಹಸ್ಥರು ಕೇಳಿದುದು ಇಷ್ಟೆ: “ಗೋಡೆ ನಮ್ಮದು. ನಮ್ಮ ಹಿರಿಯರು ಕಟ್ಟಿದ್ದು. ನಮ್ಮ ಗೋಡೆಯನ್ನು ನಾವೇ ಕೆಡವಿದರೆ ಅದು ಕಳವು ಹೇಗಾದೀತು?”

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಾಗದು. ಕೇಳಿದವರು ಕಳ್ಳರಲ್ಲ, ದಿನವೂ ಲಿಂಗಪೂಜೆಯನ್ನು ಮಾಡಿ, ಹೊಲದಲ್ಲಿ ದುಡಿದು, ಬಂದವರಿಗೆ ಉಣಬಡಿಸಿ ಬಾಳಿದವರು. ಅಂಥವರ ಮನಸ್ಸಿನಲ್ಲಿಯೂ ಈ ಸಂದೇಹವು ಮೂಡಿತೆಂದರೆ, ನಮ್ಮಲ್ಲಿ ಯಾರಿಗೂ ಅದು ಮೂಡಬಹುದು.

೧. ಆ ಹಣ ಯಾರದು?

ಸರಕಾರದ ನೆರವನ್ನು ಜನರು ಸಾಮಾನ್ಯವಾಗಿ ಎರಡು ಬಗೆಯಾಗಿ ಭಾವಿಸುತ್ತಾರೆ. ಕೆಲವರು ಅದನ್ನು ಭಿಕ್ಷೆಯೆಂದು ತಿಳಿದು ನಾಚುತ್ತಾರೆ. ಮತ್ತೆ ಕೆಲವರು ಅದು ತಮ್ಮ ಹಕ್ಕೆಂದು ಸಾಧಿಸಿ, ಹಕ್ಕಿನ ವಸ್ತುವನ್ನು ಹೇಗೆ ಬಳಸಿದರೇನು ಎನ್ನುತ್ತಾರೆ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಪ್ರಜಾರಾಜ್ಯದಲ್ಲಿ ಆಪತ್ತಿಗೆ ಸಿಕ್ಕಿದವನು ನೆರವನ್ನು ಕೇಳುವುದು ಯಾಚನೆಯಲ್ಲ, ಆದುದರಿಂದ ನಾಚಬೇಕಾದುದಿಲ್ಲ. ಆದರೆ ಹಕ್ಕೆಂಬ ಮಾತು ಪಡೆಯುವ ತನಕದ್ದು. ಪಡೆದ ಮೇಲೆ ಆ ಹಣವು ನಮ್ಮ ಕೈಯಲ್ಲಿ ಇರಿಸಿದ ನಿಕ್ಷೇಪವಾಗುತ್ತದೆ. ಒಂದು ನಿರ್ದಿಷ್ಟ ಕಾರ್ಯಕ್ಕಾಗಿ ಅದನ್ನು ನಮ್ಮಲ್ಲಿ ಇಟ್ಟಿದ್ದಾರೆ. ಆ ಕಾರ್ಯವು ನೆರವೇರುವ ತನಕ ನಾವು ಅದರ ಒಡೆಯರಲ್ಲ, ಕಾವಲಿನವರು.

ಇಟ್ಟವರು ಯಾರು? ಸರಕಾರವೆಂಬ ಒಬ್ಬ ಸಿರಿವಂತನಿಲ್ಲ. ಸಂತೆಯಲ್ಲಿ ಸಾಬೂನು, ಬೆಂಕಿಪೆಟ್ಟಿಗೆಗಳನ್ನು ಕೊಳ್ಳುವ ಕೂಲಿಯ ಹೆಣ್ಣುಮಗಳೂ ಅದಕ್ಕೆ ತೆರಿಗೆಯನ್ನು ತೆತ್ತಿರುತ್ತಾಳೆ. ಅವಳ ಗುಡಿಸಲು ಹೊಳೆಯ ದಂಡೆಯಲ್ಲಿರದೆ ಇರಬಹುದು. ಅವಳಿಗೆ ಈ ಯೋಜನೆಯಿಂದ ಒಂದು ಕಾಸೂ ಬಾರದಿರಬಹುದು. ಆದರೂ ಅವಳ ಪಾಲು ನಮ್ಮ ಇಟ್ಟಂಗಿಯಲ್ಲಿ ಇದೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ ಭಂಡಾರದ ಹಣವನ್ನು ಜಂಗಮರಿಗೆ ವ್ಯಯಮಾಡಿದರೆಂದು ವಿರೋಧಿಗಳು ಅಪವಾದ ಹೊರಿಸಿದುದನ್ನೂ, ಎಣಿಸಿ ನೋಡಿದಾಗ ಒಂದು ಹಣವೂ ಕಡಮೆಯಾಗದಿದ್ದುದನ್ನೂ ಪುರಾಣಗಳು ಹೇಳುತ್ತವೆ. ಕಥೆಯಲ್ಲಿನ ಪವಾಡವನ್ನು ಬದಿಗಿಟ್ಟರೂ ಅದರ ತಿರುಳು ಉಳಿಯುತ್ತದೆ: ಅನ್ಯರ ಹಣವನ್ನು ಹಿಡಿದವನು ಯಾವ ಗಳಿಗೆಯಲ್ಲಿ ಕೇಳಿದರೂ ಲೆಕ್ಕವನ್ನು ತೋರಿಸುವಂತಿರಬೇಕು. ನೆರವನ್ನು ಪಡೆದ ಗೃಹಸ್ಥನೂ ತನ್ನ ಮಟ್ಟಿಗೆ ಒಬ್ಬ ಭಂಡಾರಿಯೇ ಸರಿ.

೨. ಹಾನಿಯನ್ನು ನುಡಿಯುವ ನಾಲಗೆ

ಈಗ ಆ ಗೃಹಸ್ಥರ ಪ್ರಶ್ನೆಗೆ ಬರೋಣ. ತನ್ನ ಗೋಡೆಯನ್ನು ತಾನು ಕೆಡವುವುದು ಕಳವಲ್ಲ, ನಿಜ. ಯಾರಾದರೂ ಹಗಲು ಹೊತ್ತಿನಲ್ಲಿ, ತನ್ನ ಖರ್ಚಿನಿಂದ ಹೊಸತು ಕಟ್ಟುವುದಕ್ಕಾಗಿ ಕೆಡವಿದರೆ ಕೇಳುವವರಿಲ್ಲ. ಆದರೆ ರಾತ್ರಿಯಲ್ಲಿ ಕೆಡವಿ ಹಗಲಿನಲ್ಲಿ “ಹೊಳೆ ಕೆಡವಿತು” ಎಂದು ಹೇಳಬೇಕಾಗುತ್ತದೆ. ದೋಷವಿರುವುದು ಗೋಡೆಯನ್ನು ದಬ್ಬಿದ ಕೈಯಲ್ಲಲ್ಲ, ಆ ಮಾತನ್ನಾಡುವ ನಾಲಗೆಯಲ್ಲಿ. ಕೆಡವಿದುದು ನಮ್ಮ ಗೋಡೆ. ತೆಗೆದುಕೊಂಡುದು ಮತ್ತೊಬ್ಬರ ಹಣ. ನಡುವೆ ಇರುವ ಸೇತುವೆ ಒಂದು ಸುಳ್ಳು. ದೇಶದ ಕಾನೂನೂ ಹೀಗೆಯೇ ಹೇಳುತ್ತದೆ: 2005ರ ವಿಪತ್ತು ನಿರ್ವಹಣಾ ಕಾಯಿದೆಯ 52ನೆಯ ಕಲಮಿನ ಮೇರೆಗೆ, ಸುಳ್ಳೆಂದು ತಿಳಿದೂ ಪರಿಹಾರವನ್ನು ಕೇಳಿ ಪಡೆಯುವವನಿಗೆ ಎರಡು ವರ್ಷಗಳ ವರೆಗೆ ಸೆರೆಮನೆಯನ್ನೂ ದಂಡವನ್ನೂ ವಿಧಿಸಬಹುದಾಗಿದೆ. ಆದರೆ ಶರಣಮಾರ್ಗದಲ್ಲಿ ನಡೆಯುವವನು ಸೆರೆಮನೆಯ ಭಯದಿಂದ ಸತ್ಯವನ್ನಾಡುವುದು ತಕ್ಕುದಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಯಾವ ರಾತ್ರಿಯೂ ಮರೆಯಲ್ಲ.

ಇಲ್ಲಿ ಇನ್ನೊಂದು ವಿಷಯವನ್ನೂ ಲಕ್ಷಿಸಬೇಕು. ಹಣಕ್ಕೆ ಮಿತಿಯುಂಟು, ಪಟ್ಟಿಗೂ ಮಿತಿಯುಂಟು. ಆ ಕಾಲದಲ್ಲಿ ರಾಷ್ಟ್ರೀಯ ನಿಯಮದ ಮೇರೆಗೆ ಬಯಲು ಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ ಸಲ್ಲುತ್ತಿದ್ದುದು 95,100 ರೂಪಾಯಿ. ಅದಕ್ಕೆ ಮೀರಿದ ಮೊತ್ತವನ್ನು ನಮ್ಮ ರಾಜ್ಯವು ತನ್ನ ಬೊಕ್ಕಸದಿಂದಲೇ ಹೊಂದಿಸಬೇಕಾಗಿತ್ತು. ಸಂದೇಹದ ಹೆಸರುಗಳು ಹೆಚ್ಚಿದಂತೆಲ್ಲ ಮರುಪರಿಶೀಲನೆಗಳು ಹೆಚ್ಚುತ್ತವೆ. ಮರುಪರಿಶೀಲನೆ ಹೆಚ್ಚಿದಂತೆಲ್ಲ ನಿಜವಾಗಿ ಬಿದ್ದ ಮನೆಯವನ ಕಂತು ತಡವಾಗುತ್ತದೆ. ಉತಾರವಿಲ್ಲದ, ಬರೆಯಬಲ್ಲ ಮಗನಿಲ್ಲದ, ಕಚೇರಿಯಲ್ಲಿ ಪರಿಚಯದವರಿಲ್ಲದ ಹಿಂದಿನ ಓಣಿಯ ವಿಧವೆಯೊಬ್ಬಳು ತಾಡಪತ್ರಿಯ ಅಡಿಯಲ್ಲಿ ಇನ್ನೊಂದು ಮಳೆಗಾಲವನ್ನು ಕಳೆಯುತ್ತಾಳೆ. ಸುಳ್ಳು ಹೇಳಿದವನು ಸರಕಾರವನ್ನು ವಂಚಿಸಿದೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಅವನು ಮಳೆಯಲ್ಲಿ ನಿಲ್ಲಿಸಿದುದು ಅವಳನ್ನು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ದಂಪತಿಗಳಲ್ಲಿ, ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿಯನ್ನು ಮಾರಯ್ಯನು ಕದ್ದಿರಲಿಲ್ಲ. ಅದು ನೆಲದ ಮೇಲೆ ಬಿದ್ದುದೇ ಆಗಿತ್ತು. ಕದ್ದುದಲ್ಲ ಎಂಬಷ್ಟರಿಂದಲೇ ಅದು ನಮ್ಮದಾಗುವುದಿಲ್ಲ ಎಂಬುದು ಆ ತಾಯಿಯ ವಿವೇಕ. “ನಮ್ಮ ಗೋಡೆ ತಾನೇ” ಎನ್ನುವ ಮಾತಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನರಿಯೆ.

೩. ಕಂತೂ ಕರಾರೂ

ನೆರವಿನ ಹಣವು ಒಮ್ಮೆಲೆ ಕೈಸೇರುವುದಿಲ್ಲ. 2019ರ ಯೋಜನೆಯಲ್ಲಿ ಮೊದಲ ಕಂತಿನ ತರುವಾಯ ತಳಪಾಯ, ಗೋಡೆ, ಛಾವಣಿಗಳ ಹಂತಗಳನ್ನು ನೋಡಿಯೇ ಮುಂದಿನ ಹಣವನ್ನು ಬಿಡುಗಡೆ ಮಾಡುತ್ತಿದ್ದರು. 2001ರ ಜನವರಿ 26ರಂದು ಗುಜರಾತದ ಕಚ್ಛ ಸೀಮೆಯಲ್ಲಿ ಭೂಕಂಪವಾದ ಮೇಲೆ, ಅಲ್ಲಿನ ಬಹುಪಾಲು ಮನೆಗಳನ್ನು ಒಡೆಯರೇ ಮುಂದೆ ನಿಂತು ಕಟ್ಟಿಸಿಕೊಂಡರು. ಆಗಲೂ ಹಣವನ್ನು ನೂರಕ್ಕೆ 40, 40, 20ರಂತೆ ಮೂರು ಕಂತುಗಳಲ್ಲಿ, ಕಟ್ಟಡವನ್ನು ಎಂಜಿನಿಯರರು ನೋಡಿ ಒಪ್ಪಿದ ಮೇಲೆ ಕೊಟ್ಟರು. ಈ ಕ್ರಮವು ಗೃಹಸ್ಥನನ್ನು ನಂಬದುದರ ಗುರುತೆಂದು ಹಲವರು ಸಿಡುಕುತ್ತಾರೆ. ಹಾಗೆ ತಿಳಿಯಬಾರದು. ಕಷ್ಟಕಾಲದಲ್ಲಿ ಕೈಗೆ ಬಂದ ಇಡುಗಂಟು ಹೇಗೆ ಕರಗುತ್ತದೆಂಬುದು ಎಲ್ಲ ಮನೆಗಳಿಗೂ ಗೊತ್ತಿರುವ ಸಂಗತಿ. ಕಂತಿನ ಕಟ್ಟುಪಾಡು ಹಣವನ್ನು ಮನೆಯ ಗೋಡೆಯ ವರೆಗೆ ನಡೆಸಿಕೊಂಡು ಬರುವ ಊರುಗೋಲು.

ಕಠಿಣವಾದ ಪ್ರಶ್ನೆ ಇರುವುದು ಇಲ್ಲಿಯೇ. ಮೊದಲ ಕಂತು ಬಂದಿದೆ. ಬಾಗಿಲಲ್ಲಿ ಸಾಲಗಾರನು ನಿಂತಿದ್ದಾನೆ. ಮಗಳ ಲಗ್ನವು ನಿಶ್ಚಯವಾಗಿದೆ. ಆ ಹಣವನ್ನು ಅದಕ್ಕೆ ಬಳಸಿ, ಸುಗ್ಗಿಯ ಮೇಲೆ ಮನೆಯನ್ನು ಕಟ್ಟಿದರಾಗದೇ? ಬಳಸಿದವನನ್ನು ದುಷ್ಟನೆನ್ನಲು ನನಗೆ ಮನಸ್ಸು ಬಾರದು. ಆದರೆ ಪರಿಣಾಮವನ್ನು ನೋಡಿರಿ. ತಳಪಾಯವಾಗದೆ ಎರಡನೆಯ ಕಂತು ಬಾರದು. ತಳಪಾಯಕ್ಕೆ ಮತ್ತೆ ಸಾಲವನ್ನೇ ಮಾಡಬೇಕು. ಮೊದಲ ಕಂತನ್ನು ಪಡೆದು ಕೆಲಸವನ್ನೇ ಆರಂಭಿಸದೆ, ಉಳಿದ ಹಣವನ್ನೂ ಕಳೆದುಕೊಂಡು ತಗಡಿನ ಶೆಡ್ಡಿನಲ್ಲಿಯೇ ಉಳಿದ ಕುಟುಂಬಗಳು ಈ ತಪ್ಪಿನ ಫಲವನ್ನು ಉಂಡಿವೆ. ಲಗ್ನವನ್ನು ಮಠದಲ್ಲಿಯೋ ಸಾಮೂಹಿಕ ವಿವಾಹದಲ್ಲಿಯೋ ಸರಳವಾಗಿ ಮಾಡಬಹುದು; ಸಾಲಗಾರನಿಗೆ ಕಾಗದಪತ್ರಗಳನ್ನು ತೋರಿಸಿ ಗಡುವು ಕೇಳಬಹುದು. ಆದರೆ ಮನೆಗೆಂದು ಬಂದ ಹಣವು ಮನೆಯ ಹೊರತು ಬೇರೆ ದಾರಿಯನ್ನು ಹಿಡಿದರೆ ಮರಳುವುದು ದುರ್ಲಭ. ಆದ್ದರಿಂದ ಗೃಹಿಣಿಯ ಕೈಯಲ್ಲಿ ಒಂದು ಲೆಕ್ಕದ ಪುಸ್ತಕವಿರಲಿ. ಬಂದುದು, ಹೋದುದು, ಸಿಮೆಂಟಿನ ಚೀಲಗಳು, ಗೌಂಡಿಯ ದಿನಗೂಲಿ ಎಲ್ಲವನ್ನೂ ಅದರಲ್ಲಿ ಬರೆದಿಡಲಿ. ಸಾಧ್ಯವಿದ್ದಲ್ಲಿ ಮನೆಯನ್ನು ಅವಳ ಹೆಸರಿನಲ್ಲಿಯೋ ಇಬ್ಬರ ಹೆಸರಿನಲ್ಲಿಯೋ ಮಾಡಿಸುವುದು ಮೇಲು. ಹೆಣ್ಣಿಗೂ ಗಂಡಿಗೂ ಸಮಾನ ದೀಕ್ಷೆಯನ್ನು ಕೊಟ್ಟ ಧರ್ಮದವರಿಗೆ ಇದು ಹೊಸದಾಗಿ ತೋರಬಾರದು.

೪. ನಿಲ್ಲುವ ಮನೆ

ಪ್ರಾಮಾಣಿಕವಾಗಿ ವ್ಯಯಮಾಡಿದರೂ ದುರ್ಬಲವಾದ ಮನೆಯನ್ನು ಕಟ್ಟಿದರೆ ಹೊಣೆಯು ತೀರಲಿಲ್ಲ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ, ನಮ್ಮ ಬೀದರ, ಕಲಬುರ್ಗಿ ಸೀಮೆಗೆ ಸಮೀಪದ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿಯು ನಡುಗಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರಲ್ಲಿ ಸುಮಾರು 8,000 ಮಂದಿ ಮೇಲೇಳಲಿಲ್ಲ. ಅವರನ್ನು ಕೊಂದುದು ಭೂಮಿಯ ನಡುಕಕ್ಕಿಂತ ಹೆಚ್ಚಾಗಿ ಅವರ ಮನೆಗಳೇ. ಎರಡಡಿಗೂ ಮಿಕ್ಕ ದಪ್ಪದ ಕಲ್ಲಿನ ಗೋಡೆ. ಕಲ್ಲುಗಳ ನಡುವೆ ಬರಿಯ ಮಣ್ಣು. ಮೇಲೆ ತೊಲೆ, ಹಲಗೆಗಳ ಮೇಲೆ ವರ್ಷವರ್ಷವೂ ಹಾಕುತ್ತ ಬಂದ ಮೇಲುಮುದ್ದೆಯ ಭಾರ. ಗೋಡೆಯ ಒಳಮುಖ, ಹೊರಮುಖಗಳನ್ನು ಒಂದಕ್ಕೊಂದು ಬಿಗಿಯುವ ಉದ್ದನೆಯ ಕಲ್ಲುಗಳಿರಲಿಲ್ಲವಾಗಿ, ನಡುಕಕ್ಕೆ ಎರಡೂ ಮುಖಗಳು ಸೀಳಿ ಬೇರೆಯಾದವು. ಮಾಳಿಗೆಯು ಮಲಗಿದ್ದವರ ಮೇಲೆ ಕುಳಿತಿತು. ಉತ್ತರ ಕರ್ನಾಟಕದ ಹಳೆಯ ಮನೆಗಳನ್ನು ಕಂಡವರಿಗೆ ಈ ವರ್ಣನೆಯು ಪರಕೀಯವಾಗಿ ತೋರದು.

ಆ ಅನಾಹುತದ ತರುವಾಯ 52 ಊರುಗಳನ್ನು ಬೇರೆಡೆಗೆ ಕಟ್ಟಿದರು. ಇನ್ನುಳಿದ ಅಸಂಖ್ಯ ಊರುಗಳಲ್ಲಿ ಗೃಹಸ್ಥರೇ ಸರಕಾರದ ಹಣ, ಎಂಜಿನಿಯರರ ಸಲಹೆಗಳಿಂದ ತಮ್ಮ ಮನೆಗಳನ್ನು ಬಲಪಡಿಸಿಕೊಂಡರು. ಕಲಿತ ಪಾಠಗಳು ಸರಳವಾಗಿದ್ದವು: ಮಾಳಿಗೆಯ ಭಾರವನ್ನು ಇಳಿಸುವುದು, ಗೋಡೆಯ ದಪ್ಪವನ್ನು ಅಡ್ಡಗಟ್ಟುವ ಉದ್ದಗಲ್ಲುಗಳನ್ನಿಡುವುದು, ಬಾಗಿಲು, ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಎಲ್ಲಿಯೂ ಕಡಿಯದಂತೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿಯನ್ನು ಕೊಡುವುದು. ಹೊಳೆಯ ಸೀಮೆಯವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಹಿಂದಿನ ನೆರೆಯ ನೀರು ಗೋಡೆಯ ಮೇಲೆ ಬಿಟ್ಟ ಗೆರೆಗಿಂತ ಮೇಲಕ್ಕೆ ನೆಲಗಟ್ಟು ಬರಬೇಕು.

ಸಿಮೆಂಟಿನ ಕೆಲಸಕ್ಕೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ, ಒಣಗಗೊಡದಂತೆ ನೀರುಣಿಸಬೇಕೆಂಬುದು ನಿಯಮ. ಇದಕ್ಕೆ ಹಣ ಬೇಕಾಗಿಲ್ಲ. ಕೊಡ ಹೊತ್ತು ಸುರಿಯುವ ಶ್ರಮ ಸಾಕು. ಆದರೆ ಎರಡನೆಯ ದಿನವೇ ಗುತ್ತಿಗೆದಾರನು ಬೇರೆ ಕೆಲಸಕ್ಕೆ ಹೋಗುತ್ತಾನೆ, ಮನೆಯವರು ಹೊಲಕ್ಕೆ ಹೋಗುತ್ತಾರೆ, ಗೋಡೆಯು ಬಿಸಿಲಿಗೆ ಬಾಯ್ಬಿಡುತ್ತದೆ. ಕಾಯಕವೆಂದರೆ ಇನ್ನೊಬ್ಬರು ಕಾಣದ ಕಡೆಯಲ್ಲಿಯೂ ಶುದ್ಧವಾಗಿ ದುಡಿಯುವುದು ಎಂದಾದರೆ, ನೆರವಿನ ಮನೆಯ ಗೋಡೆಗೆ ಹತ್ತು ದಿನ ನೀರು ಹೊರುವುದು ಗೃಹಸ್ಥನ ಕಾಯಕವೇ ಆಗಿದೆ. ಗಿಲಾವಿನ ಒಳಗಡೆ ಏನಿದೆಯೆಂಬುದನ್ನು ತಪಾಸಣೆಗೆ ಬಂದವನು ಕಾಣಲಾರ. ಅದು ಕಟ್ಟಿಸಿದವನಿಗೂ ಅವನ ಆತ್ಮಕ್ಕೂ ಮಾತ್ರ ಗೊತ್ತಿರುತ್ತದೆ. ಮರಳಿನ ವಿಷಯದಲ್ಲಿಯೂ ಎಚ್ಚರ ಬೇಕು. ಅನುಮತಿಯಿಲ್ಲದೆ ರಾತ್ರಿ ಹೊಳೆಯ ಒಡಲನ್ನು ಬಗೆದು ತಂದ ಮರಳು ಅಗ್ಗವಾಗಿ ಸಿಕ್ಕೀತು. ದಂಡೆಯನ್ನು ಕೊರೆದು ಹೊಳೆಯ ದಾರಿಯನ್ನು ಕೆಡಿಸಿದ ಮರಳಿನಿಂದಲೇ ನೆರೆಗೆ ಬಿದ್ದ ಮನೆಯನ್ನು ಮರಳಿ ಕಟ್ಟುವುದು ಎಂಥ ವಿವೇಕ?

೫. ಬಿಟ್ಟು ಬಂದ ಮನೆ

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆದಿಯ ಮಹಾಮಳೆಯ ತರುವಾಯ, ದಾನಿಗಳ ನೆರವನ್ನೂ ಸೇರಿಸಿಕೊಂಡು ‘ಆಸರೆ’ ಎಂಬ ಯೋಜನೆಯಲ್ಲಿ ಎತ್ತರದ ನೆಲದ ಮೇಲೆ ನವಗ್ರಾಮಗಳನ್ನು ಕಟ್ಟಲಾಯಿತು. ಅನೇಕ ಕುಟುಂಬಗಳು ಅಲ್ಲಿಗೆ ಹೋಗಲಿಲ್ಲ. ಹೋದವರಲ್ಲಿಯೂ ಕೆಲವರು ಹಳೆಯ ಊರಿಗೇ ಮರಳಿದರು. 2019ರಲ್ಲಿ ನೀರು ಅದೇ ಹಳೆಯ ಮನೆಗಳಿಗೆ ಮತ್ತೆ ನುಗ್ಗಿತು. ಇದರಲ್ಲಿ ದೋಷವೆಲ್ಲವೂ ಜನರದೆನ್ನುವುದು ನ್ಯಾಯವಲ್ಲ. ಒಕ್ಕಲುತನದ ಮನೆಗೆ ದನ ಕಟ್ಟಲು, ಕಾಳು ಕೂಡಿಡಲು, ಹೊಟ್ಟು ಮೇವು ಒಟ್ಟಲು ಎಡೆ ಬೇಕು. ಇಕ್ಕಟ್ಟಾದ ಕೋಣೆಗಳನ್ನು ಹೊಲದಿಂದ ದೂರ ಕಟ್ಟಿ, ಒಕ್ಕಲಿಗನನ್ನು ಕೇಳದೆ ಬೀಗದ ಕೈಯನ್ನು ಕೊಟ್ಟರೆ ಅವನು ಅಲ್ಲಿ ಹೇಗೆ ಬಾಳಬೇಕು? ಕಟ್ಟುವ ಮೊದಲು ಬಾಳುವವನನ್ನು ಕೇಳುವುದು ಕೊಡುವವರ ಧರ್ಮ.

ಆದರೆ ಪಡೆಯುವವನಿಗೂ ಧರ್ಮವುಂಟು. ಹೊಸ ಮನೆಯನ್ನೂ ಬೇಡವೆನ್ನದೆ, ಹಳೆಯ ಮನೆಯನ್ನೂ ಬಿಡದೆ, ಎರಡಕ್ಕೂ ಬೀಗ ಹಾಕಿಕೊಂಡು ಕೂಡುವುದು ಸಲ್ಲದು. ಒಲ್ಲೆನಾದರೆ ಆರಂಭದಲ್ಲಿಯೇ ಗ್ರಾಮಸಭೆಯಲ್ಲಿ ಎದ್ದುನಿಂತು ಕಾರಣ ಹೇಳಿ ಒಲ್ಲೆನೆನ್ನಬೇಕು. ಆ ಮನೆಯು ಬೇಕಾದವನಿಗೆ ದೊರೆಯಲಿ. ಒಪ್ಪಿದರೆ, ಹಿರಿಯರ ಹೊಸ್ತಿಲ ಮೇಲಣ ಮೋಹ ಎಷ್ಟೇ ಇದ್ದರೂ ಹೊರಡಬೇಕು. ಸ್ಥಾವರದ ಮೇಲಣ ಮೋಹವನ್ನು ಶರಣರು ಏಕೆ ಕಡೆಗಣಿಸಿದರೆಂಬುದು ಹೊಳೆಯ ದಂಡೆಯಲ್ಲಿ ಬಾಳುವವರಿಗೆ ಬೇಗ ತಿಳಿಯಬೇಕು.

೬. ಅವರೇ ಸರಿಯಿಲ್ಲವೆಂಬ ಮಾತು

“ಇದೆಲ್ಲವೂ ಸರಿ, ಆದರೆ ಕಚೇರಿಯಲ್ಲಿ ಕೈಚಾಚುವವರಿದ್ದಾರೆ, ನಡುವಣ ದಲ್ಲಾಳಿಗಳಿದ್ದಾರೆ. ನಾನೊಬ್ಬನು ಸತ್ಯವಂತನಾದರೆ ನನ್ನ ಕಂತೇ ನಿಂತೀತು” ಎಂದು ಓದುಗರು ಹೇಳಬಹುದು. ಈ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಸತ್ಯಕ್ಕೆ ಬೆಲೆ ತೆರಬೇಕಾದುದುಂಟು. ಆದರೆ ಲಂಚವು ಬೇರು ಬಿಡುವುದು ಸುಳ್ಳು ಅರ್ಜಿಯ ನೆಲದಲ್ಲಿ. ಯಾರ ಹಾನಿಯು ನಿಜವೋ, ಯಾರ ತಳಪಾಯವು ಕಣ್ಣಿಗೆ ಕಾಣುವಂತಿದೆಯೋ, ಯಾರ ಲೆಕ್ಕದ ಪುಸ್ತಕವು ತೆರೆದಿದೆಯೋ ಅವನು ಹತ್ತು ಜನರ ಮುಂದೆ ನಿಂತು ಕೇಳಬಲ್ಲನು. ಒಬ್ಬನೇ ಹೋಗದೆ ಓಣಿಯವರೆಲ್ಲ ಕೂಡಿ ಹೋಗಬಲ್ಲರು. ಸುಳ್ಳು ಹೇಳಿದವನಿಗೆ ಈ ಬಲವಿಲ್ಲ. ಅವನ ಗುಟ್ಟು ದಲ್ಲಾಳಿಯ ಕಿಸೆಯಲ್ಲಿರುತ್ತದೆ. ಇನ್ನೊಬ್ಬನ ಅಧರ್ಮವು ನನ್ನ ಧರ್ಮವನ್ನು ಕಠಿಣಗೊಳಿಸಬಹುದೇ ಹೊರತು ರದ್ದುಪಡಿಸಲಾರದು. ಅಲ್ಲದೆ ನಮ್ಮ ಕೆಳಗೂ ಕೈಚಾಚಿ ನಿಂತವರಿದ್ದಾರೆಂಬುದನ್ನು ಮರೆಯಬಾರದು: ಮುಂದಿನ ಕಂತು ಬರಲಿ ಎಂದು ಗೌಂಡಿಯ ಕೂಲಿಯನ್ನು ವಾರಗಟ್ಟಲೆ ತಡೆಯುವ ಗೃಹಸ್ಥನು, ತನ್ನ ಕಂತನ್ನು ತಡೆದ ಗುಮಾಸ್ತನನ್ನು ಯಾವ ಬಾಯಿಂದ ಬೈದಾನು?

ಈ ಸಾಲುಗಳನ್ನು ಓದುವವರಲ್ಲಿ ಆ ರಾತ್ರಿ ಗೋಡೆಯನ್ನು ದಬ್ಬಿದವರೂ ಇರಬಹುದು. ಬಂದ ಗೃಹಸ್ಥರು ಮುಂದೆ ಏನು ಮಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂಥವರಿಗೂ ದಾರಿಯುಂಟು. ಮೊದಲನೆಯದು, ಹೆಚ್ಚಾಗಿ ಬಂದುದನ್ನು ಮರಳಿಸುವುದು. ಇದು ಕಷ್ಟವಾದರೂ ನೇರವಾದ ದಾರಿ. ಅದಕ್ಕೆ ಧೈರ್ಯವು ಕೂಡಿಬರುವ ತನಕ ಸುಮ್ಮನಿರದೆ, ತನ್ನ ಹೆಸರಿನಿಂದಾಗಿ ತಡವಾದ ಬಡವರ ಮನೆಯೊಂದಕ್ಕೆ ಕೈಯಾರೆ ದುಡಿಯಲಿ. ಅವರ ಅರ್ಜಿಯನ್ನು ಬರೆದುಕೊಡಲಿ. ಕಚೇರಿಗೆ ಅವರ ಜೊತೆಗೆ ನಡೆಯಲಿ. ಇದರಿಂದ ಋಣವು ಹರಿಯಿತೆಂದು ಹೇಳಲಾರೆ, ಹರಿಯುವ ದಿಕ್ಕಿಗೆ ತಿರುಗಿತೆನ್ನಬಹುದು.

ಹೊಸ ಮನೆಯ ಪ್ರವೇಶದ ದಿನ ನಾವು ಜಂಗಮರನ್ನು ಕರೆದು ಪಾದಪೂಜೆಯನ್ನು ಮಾಡಿ, ನೆರೆಹೊರೆಯವರಿಗೆ ಪ್ರಸಾದವನ್ನು ಬಡಿಸುತ್ತೇವೆ. ಆ ಪಂಕ್ತಿಯಲ್ಲಿ ಕುಳಿತವರ ಪೈಕಿ ಈ ಮನೆಗೆ ತನ್ನ ಪಾಲನ್ನು ಕೊಡದವನು ಒಬ್ಬನೂ ಇಲ್ಲವೆಂಬುದನ್ನು ಅಂದು ನೆನೆಯಬೇಕು. ಅವರಿಂದ ಬಂದುದನ್ನು ಸತ್ಯದಿಂದ ಪಡೆದು, ನಿಯಮದಿಂದ ವ್ಯಯಿಸಿ, ಗಟ್ಟಿಯಾಗಿ ಕಟ್ಟಿದವನು ಅವರೆದುರಿಗೆ ತಲೆಯೆತ್ತಿ ನಿಂತು ಬಡಿಸಬಲ್ಲನು. ಮುಂದೆ ಇನ್ನೊಂದು ಊರಿಗೆ ನೀರು ನುಗ್ಗಿದಾಗ, ಆ ಮನೆಯ ಬಾಗಿಲು ನೆರೆಸಂತ್ರಸ್ತರಿಗೆ ತೆರೆದರೆ, ಪಡೆದ ನೆರವು ದಾಸೋಹವಾಗಿ ಸಮಾಜಕ್ಕೆ ಮರಳಿದಂತಾಗುತ್ತದೆ. ಹೀಗೆ ಬಾಳುವ ಬುದ್ಧಿಯನ್ನು ಗುರುಲಿಂಗಜಂಗಮವು ನಮಗೆಲ್ಲರಿಗೂ ಕರುಣಿಸಲಿ.